ಆಂಜಿಕೋಸ್ ದಾರಿಯೋ, ಹೈಲ್ಯಾಂಡರ್ ದಾರಿಯೋ?

ಜನಶಿಕ್ಷಣವನ್ನು ಚಳವಳಿಯೊಂದಿಗೆ ಬೆಸೆಯಬಯಸುವ ಸಂಘಟನೆಗಳು ಬ್ರೆಜಿಲ್‌ನ ಆಂಜಿಕೋಸ್ ಮತ್ತು ಅಮೆರಿಕದ ಹೈಲ್ಯಾಂಡರ್ ಎಂಬ ಈ ಎರಡು ಮಾದರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಶಿಕ್ಷಣ ಚಿಂತಕ ಪಾಲೊ ಫ್ರೇರೆ 1963ರಲ್ಲಿ ಬ್ರೆಜಿಲ್‌ನ ಆಂಜಿಕೋಸ್‌ನಲ್ಲಿ ಸುಮಾರು 300 ಮಂದಿ ದುಡಿಯುವ ಜನರಿಗೆ, ಅವರದೇ ಬದುಕಿನಿಂದ ಆಯ್ದ ಪದಗಳ ಮೂಲಕ, 40 ಗಂಟೆಗಳಲ್ಲಿ ಓದುಬರಹ ಕಲಿಸುವ ಪ್ರಯೋಗ ನಡೆಸಿದರು. ಅನಕ್ಷರಸ್ಥರಿಗೆ ಮತದಾನದ ಹಕ್ಕೇ ಇಲ್ಲದ ದೇಶದಲ್ಲಿ ಅಕ್ಷರವು ಅಧಿಕಾರದ ಪ್ರಶ್ನೆಯಾಗಿತ್ತು. ಆದರೆ ಸರ್ಕಾರದ ಆಸರೆಯಲ್ಲಿ ವಿಸ್ತರಿಸಹೊರಟಿದ್ದ ಈ ಕಾರ್ಯಕ್ರಮ 1964ರ ಸೇನಾಕ್ರಾಂತಿಯೊಂದಿಗೆ ನಿಂತುಹೋಯಿತು. ಫ್ರೇರೆ ಸೆರೆವಾಸ ಅನುಭವಿಸಿ ದೇಶ ತೊರೆಯಬೇಕಾಯಿತು.

ಅಮೆರಿಕದ ಟೆನೆಸ್ಸಿಯಲ್ಲಿ 1932ರಲ್ಲಿ ಆರಂಭವಾದ ಹೈಲ್ಯಾಂಡರ್ ಶಾಲೆಯು ಮೊದಲು ಕಾರ್ಮಿಕ ಸಂಘಗಳ, ಅನಂತರ ನಾಗರಿಕ ಹಕ್ಕುಗಳ ಕಾರ್ಯಕರ್ತರನ್ನು ವರ್ಣಭೇದವಿಲ್ಲದೆ ಒಟ್ಟಿಗೆ ಕೂರಿಸಿ, ಅವರ ಅನುಭವವನ್ನೇ ಪಠ್ಯವಾಗಿಸಿತು. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲು ನಿರಾಕರಿಸಿ ಹೆಸರಾದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ 1955ರ ಬೇಸಿಗೆಯಲ್ಲಿ ಇಲ್ಲಿನ ಕಾರ್ಯಾಗಾರಕ್ಕೆ ಬಂದಿದ್ದರು. ಆ ನಿರಾಕರಣೆಯ ಬೆನ್ನಿಗೆ ಮಾಂಟ್‌ಗೊಮೆರಿಯ ಕಪ್ಪು ಜನರ ಬಸ್ ಬಹಿಷ್ಕಾರ ಆರಂಭವಾದದ್ದು ಅದೇ ಡಿಸೆಂಬರ್‌ನಲ್ಲಿ. (ಕಾರ್ಯಾಗಾರವೇ ಆ ಚಳವಳಿಯನ್ನು ಹುಟ್ಟಿಸಿತೆನ್ನುವುದು ಉತ್ಪ್ರೇಕ್ಷೆ, ಅವರು ಅದಕ್ಕೂ ಮೊದಲೇ ವರ್ಷಗಟ್ಟಲೆ ಸಂಘಟನೆಯಲ್ಲಿ ದುಡಿದಿದ್ದರು.) 1957ರಲ್ಲಿ ಹೈಲ್ಯಾಂಡರ್‌ನ ನೆರವಿನಿಂದ ದಕ್ಷಿಣ ಕೆರೊಲಿನಾದ ಜಾನ್ಸ್ ದ್ವೀಪದಲ್ಲಿ, ಮತದಾರರ ನೋಂದಣಿಗೆ ಬೇಕಾದ ಓದುಬರಹವನ್ನು ಕಲಿಸುವ ಪೌರತ್ವ ಶಾಲೆ ತೆರೆದಾಗ ಪಾಠ ಹೇಳಿದ ಬರ್ನಿಸ್ ರಾಬಿನ್ಸನ್ ಶಿಕ್ಷಕಿಯಲ್ಲ, ಕೇಶಾಲಂಕಾರದ ವೃತ್ತಿಯವರು.

ಓದುಬರಹವೇ ಮೊದಲ ತಡೆಯಾಗಿದ್ದು, ಸಂಘಟನೆಯಿನ್ನೂ ಮೊಳೆಯದ ಕಡೆ ಫ್ರೇರೆಯವರ ಕ್ರಮ ಹೊಂದುತ್ತದೆ. ಊರಲ್ಲಿ ಈಗಾಗಲೇ ಮುಂದಾಳುಗಳಿದ್ದರೆ ನಾನು ಹೈಲ್ಯಾಂಡರನ್ನೇ ಆರಿಸುತ್ತೇನೆ: 1961ರಲ್ಲಿ ಟೆನೆಸ್ಸಿ ರಾಜ್ಯವು ಆ ಶಾಲೆಯನ್ನು ಮುಚ್ಚಿಸಿದರೂ, ಪೌರತ್ವ ಶಾಲೆಗಳು ಮಾರ್ಟಿನ್ ಲೂಥರ್ ಕಿಂಗ್ ನೇತೃತ್ವದ ಸಂಘಟನೆಯ ಆಶ್ರಯದಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಹಬ್ಬಿದವು.