‘ಕಾಳಜಿ ಕರೂ ನಕಾ’ ಅಂದರೆಂದು ವರ್ಷದ ಫೀ ಕಟ್ಟಬೇಡಿ

ಪುಣೆಯ ವಾಕಡ್, ಹಿಂಜವಡಿ ಕಡೆ ಪ್ಲೇಸ್ಕೂಲ್ ಹುಡುಕುತ್ತಿರುವ ಕನ್ನಡದ ತಂದೆತಾಯಂದಿರು ದಯವಿಟ್ಟು ಓದಿ. ಸಿಟ್ಟು ಬಂದರೆ ಹೊಡೆಯುವ, ಕಚ್ಚುವ ಮೂರೂವರೆ ವರ್ಷದ ಹುಡುಗನನ್ನು ಇಲ್ಲೇ ಒಂದು ಕಡೆ ಸೇರಿಸಿದ್ದರು. ತಾಯಿ ಮೊದಲ ದಿನವೇ ಏನನ್ನೂ ಮುಚ್ಚಿಡದೆ ಹೇಳಿದ್ದರು. ಶಾಲೆಯವರು ‘ಕಾಳಜಿ ಕರೂ ನಕಾ’, ಅಂದರೆ ಚಿಂತೆ ಮಾಡಬೇಡಿ, ಎಂದು ವರ್ಷದ ಫೀ ಒಟ್ಟಿಗೇ ಕಟ್ಟಿಸಿಕೊಂಡರು. ಆರನೇ ವಾರಕ್ಕೆ ಮಗು ಶಾಲೆಯಲ್ಲಿ ಉಚ್ಚೆ ಮಾಡುವುದನ್ನೇ ಬಿಟ್ಟಿತ್ತು. ನೀರಿನ ಬಾಟಲಿ ತುಂಬಿದ ಹಾಗೇ ಮನೆಗೆ ಬರುತ್ತಿತ್ತು. ಬೆಲ್ಟ್ ಇರುವ ಊಟದ ಕುರ್ಚಿಯಲ್ಲಿ, ಆಫೀಸಿನ ಮೂಲೆಯಲ್ಲಿ, ದಿನಾ ಅವನನ್ನು ಕೂಡಿಸುತ್ತಿದ್ದರೆಂದು ಆಮೇಲೆ ತಿಳಿಯಿತು. ಡೈರಿಯಲ್ಲಿ ಮಾತ್ರ ದಿನವೂ ‘ಗುಡ್ ಡೇ’. ಕೇಳಿದರೆ, ಹುಡುಗನನ್ನು ಕರೆದುಕೊಂಡು ಹೋಗಿ ಅಂದರು. ಫೀ ವಾಪಸ್ ಬರಲಿಲ್ಲ.

ಆ ಕ್ಲಾಸಿನಲ್ಲಿ 24 ಮಕ್ಕಳು, ಒಬ್ಬ ಟೀಚರ್, ಒಬ್ಬ ಮಾವಶಿ (ಇಲ್ಲಿ ಆಯಾಳನ್ನು ಹೀಗೆ ಕರೆಯುತ್ತಾರೆ). 20 ಮಕ್ಕಳಿಗೆ ಒಬ್ಬ ಟೀಚರ್, ಒಬ್ಬ ಆಯಾ ಇರಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿಯೇ ಹೇಳುತ್ತದೆ. ಕಚ್ಚುವ ಮಗು ಇದ್ದರೆ ಅದೂ ಸಾಲದು. ಟೀಚರ್ ಒಂದು ಮಗುವಿನ ಪಕ್ಕ ಕೂತರೆ ಉಳಿದ 23 ಮಕ್ಕಳೂ ಮಾವಶಿಯ ಪಾಲಿಗೆ. ಆಗ ಬೆಲ್ಟಿನ ಕುರ್ಚಿಯೇ ಸುಲಭವಾಗಿ ಕಾಣುತ್ತದೆ.

ಸಂಜೆ ಖಾಲಿ ಕೋಣೆ, ಗೋಡೆಯ ಚಿತ್ರ ತೋರಿಸಿದರೆ ಒಪ್ಪಬೇಡಿ. ಆಟ ಮುಗಿಸಿ ಕೈ ತೊಳೆದು ಡಬ್ಬಿಗೆ ಕೂರುವ ಹೊತ್ತಿಗೆ ಹೋಗಿ, ಅರ್ಧ ಗಂಟೆ ಸುಮ್ಮನೆ ನೋಡಿ. ಸಾಲಿನಲ್ಲಿ ಕಾಯುವಾಗ, ಒಂದು ಕೆಲಸ ಬಿಡಿಸಿ ಇನ್ನೊಂದಕ್ಕೆ ಎಬ್ಬಿಸುವಾಗಲೇ ಹೆಚ್ಚಿನ ಜಗಳ ಆಗುವುದು. ಐದು ನಿಮಿಷ ಮೊದಲೇ ಮಕ್ಕಳಿಗೆ ತಿಳಿಸುತ್ತಾರೋ, ಒಮ್ಮೆಗೇ ಕೂಗುತ್ತಾರೋ ಗಮನಿಸಿ.

ಆಮೇಲೆ ಒಂದೇ ಪ್ರಶ್ನೆ: ‘ನನ್ನ ಮಗ ಈಗ ಪಕ್ಕದವನನ್ನು ಕಚ್ಚಿದ. ಮೊದಲ ಎರಡು ನಿಮಿಷ ಯಾರು ಏನು ಮಾಡುತ್ತೀರಿ?’ ಇಬ್ಬರನ್ನೂ ಬಿಡಿಸುತ್ತೇವೆ, ಗಾಯ ನೋಡುತ್ತೇವೆ, ಒಬ್ಬರು ಅವನ ಹತ್ತಿರವೇ ಇದ್ದು ಎರಡೇ ಮಾತಿನಲ್ಲಿ ಹೇಳುತ್ತೇವೆ, ಕಚ್ಚುವ ಮೊದಲು ಏನಾಯಿತೆಂದು ಬರೆದು ಅವತ್ತೇ ತಿಳಿಸುತ್ತೇವೆ ಅಂದರೆ ಅಲ್ಲಿ ಕೆಲಸ ಬಲ್ಲವರಿದ್ದಾರೆ. ಚಿಕ್ಕವರ ಕ್ಲಾಸಿಗೆ ಕಳಿಸುತ್ತೇವೆ, ಬೇರೆ ಕೋಣೆಯಲ್ಲಿ ಒಬ್ಬನನ್ನೇ ಕೂರಿಸುತ್ತೇವೆ, ಮೊಬೈಲ್ ಕೊಡುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ.

ನಮ್ಮವರು ಮರೆಯುವ ಸಂಗತಿ ಭಾಷೆಯದು. ಮನೆಯಲ್ಲಿ ‘ನೀರು’, ‘ಬ್ಯಾಡ’ ಅನ್ನುವ ಮಗುವಿನ ಮಾತು ಮಾವಶಿಗೆ ತಿಳಿಯುವುದಿಲ್ಲ. ಬೇಡವೆಂದು ದೂರ ತಳ್ಳುತ್ತಾ ‘ಹೋಗ್’ ಅಂದರೆ ಅವರ ಕಿವಿಗೆ ಮರಾಠಿಯ ‘ಹೋ’, ಅಂದರೆ ‘ಹೂಂ’ ಎಂದೇ ಕೇಳಬಹುದು. ಮಾತು ಸೋತಾಗ ಕೈ ಏಳುತ್ತದೆ. ಸೇರಿಸುವ ಮುನ್ನವೇ ‘ಪಾಣಿ’ (ನೀರು), ‘ನಕೋ’ (ಬೇಡ), ‘ಶೂ’ (ಉಚ್ಚೆ) ಈ ಮೂರು ಮರಾಠಿ ಮಾತು ಕಲಿಸಿ. ಮಗುವಿನ ಹತ್ತು ಕನ್ನಡ ಮಾತುಗಳನ್ನು ದೇವನಾಗರಿಯಲ್ಲಿ ಅರ್ಥಸಮೇತ ಬರೆದು ಮಾವಶಿಯ ಕೈಗೇ ಕೊಡಿ. ಕರೆದರೆ ತಿರುಗದ ಮಗುವಿಗೆ ‘ಹಟಮಾರಿ’ ಹೆಸರು ಬೀಳುವ ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಮುಂಬಯಿಯವರಿಗೆ ಬಾಂದ್ರಾದಲ್ಲಿ ಮಾತು, ಕಿವಿಯ ತೊಂದರೆ ನೋಡುವ ಅಲಿ ಯಾವರ್ ಜಂಗ್ ಸಂಸ್ಥೆಯಿದೆ.

ಮೊದಲ ವಾರ ದಿನಕ್ಕೆ 45 ನಿಮಿಷ ಸಾಕು, ಆಮೇಲೆ ನಿಧಾನ ಹೆಚ್ಚಿಸಿ. ಫೀ ತಿಂಗಳಿಗಾಗಲಿ, ಟರ್ಮಿಗಾಗಲಿ ಕಟ್ಟಿ. ಬಿಡಿಸಿದರೆ ಎಷ್ಟು, ಎಷ್ಟು ದಿನದಲ್ಲಿ ವಾಪಸ್ ಎಂಬುದು ರಸೀದಿಯ ಮೇಲೇ ಇರಲಿ. ಕಟ್ಟಿ ಕೂರಿಸಿದ್ದು ಗೊತ್ತಾದರೆ ಗುರುತುಗಳ ಫೋಟೊ ತೆಗೆದು, ತಾರೀಖು ಬರೆದಿಟ್ಟು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗುವನ್ನು ತಮ್ಮ ವಶದಲ್ಲಿಟ್ಟುಕೊಂಡು ಹಿಂಸಿಸುವುದು 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಅಪರಾಧ.