ಫೆಸ್ಟೂಲ್ ಡಾಮಿನೊ ಡಿಎಫ್ 500: ಮೇಜಿನ ಕಾಲು ಕೂರಿಸಲು ಎಷ್ಟು ಒಳ್ಳೆಯದು?

ಉಳಿ, ಕೊಡತಿ ಹಿಡಿದು ಕುಳಿ ತೆಗೆದು, ಅದಕ್ಕೆ ತಕ್ಕ ನಾಲಿಗೆ ಕೊಯ್ದು ಕೂರಿಸುವಾಗ ಹೆಚ್ಚು ಹೊತ್ತು ಹೋಗುವುದು ಎರಡನ್ನೂ ಹೊಂದಿಸುವುದಕ್ಕೆ. ಫೆಸ್ಟೂಲ್ ಕಂಪನಿಯ ಡಾಮಿನೊ ಡಿಎಫ್ 500 ಎಂಬ ಈ ಕುಳಿ ಕೊರೆಯುವ ಕೈಯಂತ್ರದಲ್ಲಿ ನಾಲಿಗೆ ಕೊಯ್ಯುವ ಕೆಲಸವೇ ಇಲ್ಲ. ಎರಡೂ ಮರಕ್ಕೆ ಕುಳಿ ಕೊರೆದು ನಡುವೆ ಡಾಮಿನೊ ಎಂಬ, ಅಂಚು ದುಂಡಗಿರುವ ಬೀಚ್ ಮರದ ಚಪ್ಪಟೆ ತುಂಡು ಸೇರಿಸುವುದು. ಕೊರೆಯುವ ಅಲಗು, ಅಂದರೆ ಕಟ್ಟರ್, ಸುತ್ತುತ್ತಲೇ ಅಕ್ಕಪಕ್ಕಕ್ಕೂ ಆಡುವುದರಿಂದ ದುಂಡು ತೂತಿನ ಬದಲು ಉದ್ದನೆಯ ಕುಳಿ ಬೀಳುತ್ತದೆ. 420 ವ್ಯಾಟ್ ಮೋಟಾರು, ತೂಕ ಸುಮಾರು 3.2 ಕೆ.ಜಿ., ಕಟ್ಟರ್ 4, 5, 6, 8, 10 ಮಿ.ಮೀ., ಆಳ 12ರಿಂದ 28 ಮಿ.ಮೀ.

ಅಪ್ಪ, ಮಕ್ಕಳು ಸೇರಿ ನಡೆಸುವ ಶೆಡ್ಡಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಒಬ್ಬರು ಗುರುತು ಹಾಕಿ, ಇನ್ನೊಬ್ಬರು ಕೊರೆದು, ಮತ್ತೊಬ್ಬರು ಅಂಟು ಹಚ್ಚಬಹುದು. ಕೊರೆಯುವವರು ಮಾತ್ರ ನಡುವೆ ಬದಲಾಗಬಾರದು. ಎಡಗೈಯಿಂದ ಫೆನ್ಸನ್ನು (ಮರದ ಮೈ ಮೇಲೆ ಕೂತು, ಕುಳಿ ಆ ಮೈಯಿಂದ ಎಷ್ಟು ದೂರ ಬೀಳಬೇಕೆಂದು ನಿಗದಿ ಮಾಡುವ ಭಾಗ) ಮರಕ್ಕೆ ಒತ್ತಿ ಹಿಡಿಯುವ ಬಿಗಿ ಒಬ್ಬೊಬ್ಬರದು ಒಂದೊಂದು ಥರ. ಆ ಬಿಗಿ ಸಡಿಲಿದರೆ ಯಂತ್ರದ ಹಿಂಬದಿ ಜೋಲಿ ಕುಳಿ ಓರೆಯಾಗುತ್ತದೆ.

ನಾಲ್ಕು ಕಾಲಿನ ಊಟದ ಮೇಜನ್ನೇ ನೋಡಿ. ಎಂಟು ಕೀಲು, ಕೀಲಿಗೆ ಎರಡು ಡಾಮಿನೊ, ಒಟ್ಟು 32 ಕುಳಿ. ಕಾಲು 60 ಮಿ.ಮೀ. ಚೌಕ, ಕಾಲುಗಳನ್ನು ಸೇರಿಸುವ ಪಟ್ಟಿ 22 ಮಿ.ಮೀ. ದಪ್ಪವಿದ್ದರೆ 8x50 ಡಾಮಿನೊ (8 ಮಿ.ಮೀ. ದಪ್ಪ, 50 ಉದ್ದ), ಕುಳಿಯ ಆಳ 25. ಕಾಲು 40 ಮಿ.ಮೀ.ಗೆ ಇಳಿದರೆ ಎಚ್ಚರ: ಪಟ್ಟಿ ಹೊರಮೈಗೆ ಸಮನಾಗಿದ್ದಾಗ 25 ಆಳದಲ್ಲಿ ಅಕ್ಕಪಕ್ಕದ ಎರಡು ಕುಳಿಗಳು ಕಾಲಿನೊಳಗೆ ಒಂದಕ್ಕೊಂದು ತಾಗಿಬಿಡುತ್ತವೆ. ಅಲ್ಲಿ 6x40 ಡಾಮಿನೊ, 20 ಆಳವೇ ಸರಿ. ಪಟ್ಟಿಯನ್ನು 5 ಮಿ.ಮೀ. ಒಳಕ್ಕೆ ಕೂರಿಸುವುದಾದರೆ ಫೆನ್ಸ್‌ನಿಂದ ಕುಳಿಯ ನಡುವಿಗೆ ಇರುವ ದೂರ ಪಟ್ಟಿಗೆ 11 ಮಿ.ಮೀ., ಕಾಲಿಗೆ 16 ಇರಲಿ.

ಗುಂಡಿ ತಿರುಗಿಸಿದರೆ ಕುಳಿಯ ಅಗಲ ಮೂರು ಹಂತಗಳಲ್ಲಿ ಬದಲಾಗುತ್ತದೆ. ಪ್ರತಿ ಕೀಲಿನಲ್ಲೂ ಒಂದು ಡಾಮಿನೊಗೆ ಎರಡೂ ಕಡೆ ಬಿಗಿ ಅಗಲ, ಅಂದರೆ ತುಂಡು ಸರಿಯಾಗಿ ಹಿಡಿಯುವಷ್ಟೇ. ಇನ್ನೊಂದಕ್ಕೆ ಒಂದು ಕಡೆ ನಡುವಿನ ಅಗಲ, ಅಂದರೆ 6 ಮಿ.ಮೀ. ಹೆಚ್ಚು. ಎಲ್ಲವನ್ನೂ ಬಿಗಿಯಾಗಿ ಕೊರೆದರೆ ಪೆನ್ಸಿಲ್ ಗೆರೆ ಅರ್ಧ ಮಿ.ಮೀ. ತಪ್ಪಿದರೂ ಅಂಟು ಹಚ್ಚಿದ ಮೇಲೆ ಕೀಲು ಕೂರದು, ಆಗ ಅವಸರಕ್ಕೆ ಬಿದ್ದು ಸುತ್ತಿಗೆ ಬಡಿದು ಮರ ಸೀಳಿಕೊಳ್ಳುತ್ತಾರೆ. ಅಗಲದ ಗುಂಡಿಯನ್ನು ಮೋಟಾರು ಓಡುತ್ತಿರುವಾಗಲೇ ತಿರುಗಿಸಬೇಕು.

ನಮ್ಮಲ್ಲಿ ಹೆಚ್ಚು ಬಳಸುವ 18 ಮಿ.ಮೀ. ಪ್ಲೈವುಡ್‌ಗೆ ಫೆನ್ಸಿನ ಎತ್ತರವನ್ನು ಮರದ ದಪ್ಪಕ್ಕೆ ಹೊಂದಿಸುವ ಮೆಟ್ಟಿಲು ಇಲ್ಲ, 16 ಆದಮೇಲೆ ನೇರ 20. ಇದು ದೊಡ್ಡ ಕೊರತೆಯಲ್ಲ. ಕುಳಿ ಸರಿಯಾಗಿ ನಡುವೆಯೇ ಬೀಳಬೇಕೆಂದಿಲ್ಲ, ಎರಡೂ ತುಂಡಿನಲ್ಲಿ ಒಂದೇ ಮೈಯಿಂದ ಅಳೆದಿದ್ದರೆ ಸಾಕು. ಆ ಮೈಗೆ ಮೊದಲೇ ಪೆನ್ಸಿಲ್ ಗುರುತು ಹಾಕಿಡಿ.

ಹೊಟ್ಟು ಹೀರುವ ಡಸ್ಟ್ ಎಕ್ಸ್‌ಟ್ರಾಕ್ಟರ್ ಇಲ್ಲದೆ ಓಡಿಸಬೇಡಿ. ಹೊಟ್ಟು ಕುಳಿಯಲ್ಲೇ ಗಟ್ಟಿಯಾಗಿ ಕೂತು ಡಾಮಿನೊ ಒಳಗೆ ಹೋಗುವುದಿಲ್ಲ. ಮರಕ್ಕೆ ಅವಸರದಿಂದ ನುಗ್ಗಿಸಿದರೂ ಕುಳಿಯ ಅಳತೆ ಕೆಡುತ್ತದೆ. ತೇಗ, ಬೀಟೆಯಂಥ ಗಟ್ಟಿ ಮರದಲ್ಲಂತೂ ನಿಧಾನವೇ ಲೇಸು. 4 ಮಿ.ಮೀ. ಕಟ್ಟರ್ ಬೇಗ ಮುರಿಯುತ್ತದೆ, ಅದಕ್ಕೆ 20 ಮಿ.ಮೀ. ಆಳ ಮೀರಬೇಡಿ.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೀಚ್ ತುಂಡುಗಳು ತೇವ ಹೀರಿ ಊದುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅಂಟಿಲ್ಲದೆ ಜೋಡಿಸಿ ನೋಡಲು ಮರಳು ಕಾಗದದಲ್ಲಿ ಚೂರು ತೆಳುವಾಗಿಸಿದ ಹತ್ತಿಪ್ಪತ್ತು ತುಂಡು ಬೇರೆಯೇ ಇರಲಿ, ಇಲ್ಲವಾದರೆ ಕೀಲನ್ನು ಮತ್ತೆ ಬಿಚ್ಚುವುದು ಕಷ್ಟ.

ಬೆಲೆ ಸಾಮಾನ್ಯ ಬಿಸ್ಕೆಟ್ ಜಾಯಿನರ್‌ಗಿಂತ (ತೆಳು ಮರದ ಬಿಲ್ಲೆ ಕೂರಿಸಲು ಸೀಳು ಕೊರೆಯುವ ಯಂತ್ರ) ಹಲವು ಪಟ್ಟು, ಡಾಮಿನೊ ಖರ್ಚು ಬೇರೆ. ಮಿಕ್ಕ ತೇಗದ ಪಟ್ಟಿಯನ್ನು 8 ಮಿ.ಮೀ.ಗೆ ಕೀಸಿ, ಅಂಚು ದುಂಡಗೆ ಮಾಡಿ, ಬೇಕಾದ ಉದ್ದಕ್ಕೆ ತುಂಡರಿಸಿದರೆ ಆ ಖರ್ಚು ಉಳಿಯುತ್ತದೆ. ವರ್ಷಕ್ಕೆ ಒಂದೆರಡು ಮೇಜು ಮಾಡುವವರಿಗೆ ಇದು ಬೇಡ. ಕುರ್ಚಿ, ಕಪಾಟು, ಮೇಜು ಸದಾ ನಡೆಯುವ ಕಡೆ ಕೊಳ್ಳಿ. ತೇಗದ ಬಾಗಿಲವಾಡಕ್ಕೆ ಮಾತ್ರ ಇದರ 28 ಮಿ.ಮೀ. ಆಳ ಸಾಲದು. ಅದಕ್ಕೆ 70 ಮಿ.ಮೀ. ಇಳಿಯುವ ಡಿಎಫ್ 700 ಬೇಕು, ಇಲ್ಲವೇ ಉಳಿ, ಕೊಡತಿ.