1971ರ ಟಿ-55 ಕಟ್ಟುವವರಿಗೆ: ತಮಿಯಾವೋ, ಮಿನಿಆರ್ಟೋ?

ಭಾರತದ ಟಿ-55 ಟ್ಯಾಂಕಿನ ಪ್ಲಾಸ್ಟಿಕ್ ಮಾದರಿ ಕಟ್ಟಬೇಕೆಂದು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಜಪಾನಿನ ತಮಿಯಾ ಕಂಪನಿಯ ಕಿಟ್, ನಂಬರ್ 35257. 2002ರಲ್ಲಿ ಬಂದ ಕಿಟ್, 1/35 ಅಳತೆ, ಜೋಡಣೆ ಸಲೀಸು. ಆದರೆ ಡಬ್ಬಿಯ ಮೇಲಿರುವುದು ಟಿ-55ಎ, ಅಂದರೆ ನಂತರದ ಮಾದರಿ. 1971ರ ಭಾರತ-ಪಾಕ್ ಯುದ್ಧದ ಗಾಡಿಯೇ ಬೇಕೆನ್ನುವವರಿಗೆ ತಕರಾರು ಶುರುವಾಗುವುದು ಅಲ್ಲಿಂದಲೇ.

ಕಿಟ್ ಆರಿಸುವ ಮುಂಚೆ ಮೂರು ಜಾಗ ನೋಡಿಕೊಳ್ಳಿ. ಟರೆಟ್‌ನ (ಗನ್ ಹೊತ್ತು ತಿರುಗುವ ಗೋಪುರದ) ಮೇಲೆ, ಶೆಲ್ ತುಂಬುವ ಲೋಡರ್‌ನ ಮುಚ್ಚಳದ ಮುಂದೆ ಅಣಬೆಯಂಥ ಗಾಳಿಕಿಂಡಿ ಇದ್ದರೆ ಅದು ಹಿಂದಿನ ಮಾದರಿಯಾದ ಟಿ-54; ಟಿ-55ರಲ್ಲಿ ಆ ಜಾಗ ನುಣುಪು. ಮುಂಭಾಗದ ಇಳಿಜಾರು ತಗಡಿನ ನಡುವೆ ಮೆಷಿನ್ ಗನ್ನಿನ ಸಣ್ಣ ತೂತು ಟಿ-55ಕ್ಕೆ ಉಂಟು, ಟಿ-55ಎಗೆ ಇಲ್ಲ. ಮೂರನೆಯದೇ ತಲೆನೋವಿನದು. ಟಿ-55ಎಗೆ ವಿಕಿರಣ ತಡೆಯುವ ಹೊದಿಕೆ ಹಾಕಿದ್ದರಿಂದ ಕಮಾಂಡರ್ ಮುಚ್ಚಳದ ಸುತ್ತ ದಪ್ಪ ಅಂಚು ಎದ್ದಿರುತ್ತದೆ, ಮುಚ್ಚಳಗಳೂ ದಪ್ಪ. ತೂತನ್ನು 0.5 ಮಿ.ಮೀ. ಡ್ರಿಲ್ಲಿನಿಂದ ಅರ್ಧ ನಿಮಿಷದಲ್ಲಿ ಕೊರೆಯಬಹುದು. ಆ ಅಂಚನ್ನು ಉಜ್ಜಿ ತೆಗೆಯಲು ಹೋದರೆ ಟರೆಟ್‌ನ ಎರಕದ ಮೇಲ್ಮೈಯೂ ಜೊತೆಗೇ ಹೋಗುತ್ತದೆ, ಆಮೇಲೆ ಪುಟ್ಟಿ ಬಳಿದು ಮತ್ತೆ ಒರಟು ಮಾಡುತ್ತ ಕೂರಬೇಕು. ಅಷ್ಟು ಶ್ರಮ ಪಡುವುದಾದರೆ ಸರಿಯಾದ ಕಿಟ್ಟನ್ನೇ ಕೊಳ್ಳುವುದು ಮೇಲು.

ಆ ಸರಿಯಾದ ಕಿಟ್ ಮಿನಿಆರ್ಟ್‌ನ ಟಿ-55 ಮಾದರಿ 1963, ನಂಬರ್ 37018. ಕಂಪನಿ ಉಕ್ರೇನಿನದು. ಗಾಡಿಯ ಒಳಭಾಗ ಪೂರ್ತಿ ಕೊಟ್ಟಿದ್ದಾರೆ, ಎಂಜಿನ್ನೂ ಇದೆ. ಸಣ್ಣ ವಿವರಗಳಿಗೆಂದು ರಾಸಾಯನಿಕದಿಂದ ಕೊರೆದ ಲೋಹದ ತೆಳು ತಗಡುಗಳು (ಫೋಟೋ-ಎಚ್) ಡಬ್ಬಿಯಲ್ಲೇ ಬರುತ್ತವೆ. ಆಕಾರದಲ್ಲಿ, ವಿವರದಲ್ಲಿ ತಮಿಯಾ ಇದರ ಹತ್ತಿರ ಸುಳಿಯುವುದಿಲ್ಲ. ಆದರೆ ಇದನ್ನು ಮೊದಲ ಕಿಟ್ ಆಗಿ ಕೊಂಡವರು ಅರ್ಧಕ್ಕೇ ಡಬ್ಬಿ ಮುಚ್ಚಿಟ್ಟರೆ ಆಶ್ಚರ್ಯವಿಲ್ಲ.

ಕಾರಣ ಹಲ್, ಅಂದರೆ ಟರೆಟ್ ಕೆಳಗಿನ ಗಾಡಿಯ ಒಡಲು. ತಮಿಯಾದಲ್ಲಿ ಕೆಳಹಲ್ ಒಂದೇ ತೊಟ್ಟಿ. ಮಿನಿಆರ್ಟ್‌ನಲ್ಲಿ ತಳ, ಪಕ್ಕ, ಹಿಂಬದಿ ಎಲ್ಲ ಬಿಡಿ ಹಲಗೆಗಳು. ಒಂದು ಪಕ್ಕ ಅರ್ಧ ಮಿಲಿಮೀಟರ್ ಒಳಗೆ ವಾಲಿದರೂ ಕೊನೆಗೆ ಮೇಲಿನ ತಗಡು ಕೂರುವುದಿಲ್ಲ, ಟ್ರ್ಯಾಕಿನ ಮೇಲಿನ ಫೆಂಡರ್ ಎತ್ತಿಕೊಳ್ಳುತ್ತದೆ. ಹಾಗಾಗಿ ಅಂಟು ಹಾಕುವ ಮುನ್ನ ಒಳಗಿನ ಅಡ್ಡಗೋಡೆಯನ್ನೂ ಮೇಲಿನ ತಗಡನ್ನೂ ಒಣದಾಗಿಯೇ ಇಟ್ಟು ಟೇಪಿನಿಂದ ಬಿಗಿಯಿರಿ. ಆಮೇಲೆ ಸಂದಿಗೆ ತೆಳು ಸಿಮೆಂಟ್ (ಪ್ಲಾಸ್ಟಿಕ್ ಅಂಟು) ಹರಿಸಿ, ರಾತ್ರಿಯಿಡೀ ಹಾಗೇ ಬಿಡಿ. ಚಕ್ರದ ತೋಳುಗಳಿಗೆ ಸ್ಪ್ರಿಂಗಿನಂತಿರುವ ಟಾರ್ಷನ್ ಬಾರ್‌ಗಳು ನಿಜವಾಗಿ ತಿರುಗುವಂತೆ ಮಾಡಿದ್ದಾರೆ. ಕೇಳಲು ಚೆನ್ನ, ಆದರೆ ಹತ್ತು ತೋಳುಗಳೂ ಹತ್ತು ಎತ್ತರಕ್ಕೆ ನಿಲ್ಲುತ್ತವೆ. ಗಾಡಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸುವುದಾದರೆ ತೋಳುಗಳಿಗೆ ಅಂಟು ಹಾಕಿ, ಚಕ್ರ ತಾತ್ಕಾಲಿಕವಾಗಿ ಸಿಕ್ಕಿಸಿ, ಗಾಜಿನ ಹಲಗೆಯ ಮೇಲಿಟ್ಟು ಒಣಗಲು ಬಿಡಿ. ಹಿಡಿಕೆಗಳು, ದೀಪದ ಕಾವಲು ಸರಳುಗಳು ಕೂದಲೆಳೆಯಷ್ಟು ತೆಳು. ಸ್ಪ್ರೂನಿಂದ (ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟಿನಿಂದ) ನೇರ ಕತ್ತರಿಸಿದರೆ ನಡುವೆಯೇ ಮುರಿಯುತ್ತವೆ. ಮೊದಲು ದೂರದಲ್ಲಿ, ಸ್ಪ್ರೂವನ್ನೇ ಕತ್ತರಿಸಿ ಬಿಡಿಸಿಕೊಳ್ಳಿ. ಭಾಗದ ಬುಡವನ್ನು ಹೊಸ ಬ್ಲೇಡಿನಿಂದ ಕೊನೆಯಲ್ಲಿ ಸವರಿ. ಮುಚ್ಚಳಗಳನ್ನು ತೆರೆದಿಡುವ ಯೋಚನೆ ಇಲ್ಲದಿದ್ದರೆ ಶೆಲ್‌ಗಳಿಗೆ ಬಣ್ಣ ಬಳಿಯುತ್ತ ವಾರ ಕಳೆಯಬೇಡಿ, ಯಾರೂ ಇಣುಕುವುದಿಲ್ಲ. ಅಡ್ಡಗೋಡೆಯನ್ನು ಮಾತ್ರ ಬಿಡುವ ಹಾಗಿಲ್ಲ, ಹಲ್‌ಗೆ ಬಿಗಿ ಬರುವುದು ಅದರಿಂದ.

ಟ್ರ್ಯಾಕ್ ವಿಷಯಕ್ಕೆ ಬಂದರೆ, ಟಿ-55 ಚೆನ್ನಾಗಿ ಕಾಣುವುದೂ ಕೆಡುವುದೂ ಇಲ್ಲೇ. ಈ ಗಾಡಿಗೆ ಟ್ರ್ಯಾಕಿನ ಮೇಲ್ಭಾಗ ಎತ್ತಿ ಹಿಡಿಯುವ ಪುಟ್ಟ ಉರುಳೆಗಳಿಲ್ಲ. ಟ್ರ್ಯಾಕ್ ಜೋತು ಬಿದ್ದು ದೊಡ್ಡ ಚಕ್ರಗಳ ನೆತ್ತಿಯ ಮೇಲೇ ಮಲಗುತ್ತದೆ. ತಮಿಯಾ ಕೊಡುವುದು ಮೆತ್ತಗಿನ ಪಟ್ಟಿ. ಅದು ರಬ್ಬರ್ ಬ್ಯಾಂಡಿನಂತೆ ನೆಟ್ಟಗೆ ಬಿಗಿದುಕೊಂಡು ಚಕ್ರದಿಂದ ಮೇಲಕ್ಕೆ ನಿಲ್ಲುತ್ತದೆ. ಉಪಾಯ ಇದೆ: ಫೆಂಡರ್ ಕೂರಿಸುವ ಮುಂಚೆ ಎರಡು, ಮೂರು, ನಾಲ್ಕನೇ ಚಕ್ರಗಳ ನೆತ್ತಿಗೆ ಸೂಪರ್ ಗ್ಲೂ ಹನಿ ಹಾಕಿ ಪಟ್ಟಿಯನ್ನು ಒತ್ತಿ ಹಿಡಿಯಿರಿ. ಮೊದಲ ಮತ್ತು ಎರಡನೇ ಚಕ್ರದ ನಡುವೆ ಅಂತರ ಹೆಚ್ಚು, ಅಲ್ಲಿ ತುಸು ಹೆಚ್ಚೇ ಜೋಲಲಿ. ಹಿಂದಿನ ಹಲ್ಲಿನ ಚಕ್ರದ ಬಳಿ ಮಾತ್ರ ಎಳೆದಂತಿರಬೇಕು.

ಮಿನಿಆರ್ಟ್‌ನಲ್ಲಿ ಒಂದೊಂದು ಕೊಂಡಿಯನ್ನೂ ಬಿಡಿಸಿ, ಕೆರೆದು, ಜೋಡಿಸಬೇಕು. ಪಕ್ಕಕ್ಕೆ ಸುಮಾರು 90. ಎಂಟು ಹತ್ತು ಕೊಂಡಿಗಳ ತುಂಡುಗಳಾಗಿ ಅಂಟಿಸಿ, ಸಿಮೆಂಟ್ ಇನ್ನೂ ಮೆತ್ತಗಿರುವಾಗಲೇ ಚಕ್ರಗಳ ಮೇಲೆ ಹೊದಿಸಿದರೆ ಜೋಲು ತಾನಾಗಿ ಬರುತ್ತದೆ. ಬೇರೆ ಕಂಪನಿಯ ಟ್ರ್ಯಾಕ್ ಕೊಳ್ಳುವವರು ಗಮನಿಸಿ: ಹಳೆಯ ಓಎಂಎಸ್‌ಎಚ್ ಟ್ರ್ಯಾಕಿಗೆ 13 ಹಲ್ಲಿನ ಚಕ್ರ, ನಂತರದ ಆರ್‌ಎಂಎಸ್‌ಎಚ್‌ಗೆ 14. ಅದಲುಬದಲಾದರೆ ಕೊಂಡಿ ಹಲ್ಲಿಗೆ ಕೂರುವುದಿಲ್ಲ. 1971ರ ಗಾಡಿಗೆ ಹಳೆಯದೇ ಸರಿ.

ಟಾಕೋಮ್‌ನ ಟಿ-55ಎಎಂ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಟರೆಟ್ ಮುಂದೆ ಹುಬ್ಬಿನಂಥ ಹೆಚ್ಚುವರಿ ಕವಚವಿರುವ 1980ರ ದಶಕದ ಸೋವಿಯತ್ ಸುಧಾರಣೆ ಅದು, ನಮ್ಮ ಯುದ್ಧಕ್ಕೂ ಅದಕ್ಕೂ ಸಂಬಂಧವಿಲ್ಲ. ಮನೆಯಲ್ಲಿ ಜಾಗ ಕಮ್ಮಿ ಇದ್ದವರಿಗೆ ರೆವೆಲ್‌ನ 1/72 ಇದೆ. 1/35ರಲ್ಲಿ ಗನ್ ಸೇರಿ ಸುಮಾರು 257 ಮಿ.ಮೀ. ಬರುವ ಗಾಡಿ ಅದರಲ್ಲಿ 125 ಮಿ.ಮೀ. ಅದೂ ಎ ಮಾದರಿಯೇ, ಆ ಅಳತೆಯಲ್ಲಿ ಅಂಚಿನ ದಪ್ಪ ಕಾಣುವವರು ಕಡಿಮೆ.

ಯಾವ ಕಿಟ್ ಕೊಂಡರೂ ಭಾರತದ ಗಾಡಿಗೆ ಒಂದು ಭಾಗ ನೀವೇ ಮಾಡಬೇಕು. ಪಾಕಿಸ್ತಾನದ ಟೈಪ್ 59 ಟಿ-54ಎಯದೇ ಚೀನೀ ನಕಲಾದ್ದರಿಂದ, ದೂರದಿಂದ ಗುರುತು ಸಿಗಲೆಂದು ನಮ್ಮವರು ಗನ್ ನಳಿಗೆಯ ನಡುವೆ ಹುಸಿ ಹೊಗೆಗುಂಡಿಗೆ (ನಳಿಗೆಯೊಳಗಿನ ಹೊಗೆ ಹೊರದೂಡುವ ಉಬ್ಬು ಕವಚದ ನಕಲು, ಇಂಗ್ಲಿಷಿನಲ್ಲಿ ಫ್ಯೂಮ್ ಎಕ್ಸ್‌ಟ್ರಾಕ್ಟರ್) ತೊಡಿಸಿದ್ದರು. ನಳಿಗೆಯ ತುದಿಯ ಅಸಲಿ ಹೊಗೆಗುಂಡಿಗೆ ಹಾಗೇ ಇರಲಿ. 0.25 ಮಿ.ಮೀ. ಪ್ಲಾಸ್ಟಿಕ್ ಹಾಳೆಯ ಪಟ್ಟಿಯನ್ನು ನಡುವೆ ಬಿಗಿಯಾಗಿ ಸುತ್ತುತ್ತ ಹೋಗಿ, ಎರಡೂ ತುದಿಯನ್ನು ಸ್ವಲ್ಪ ಓರೆಯಾಗಿ ಉಜ್ಜಿ. ಇದನ್ನು ನಳಿಗೆಯ ಎರಡು ಹೋಳು ಅಂಟಿ, ಸಂದಿ ಉಜ್ಜಿದ ಮೇಲೇ ಮಾಡಿ. ಉದ್ದ ಮತ್ತು ದಪ್ಪಕ್ಕೆ ಆ ಕಾಲದ ಫೋಟೋವೇ ಆಧಾರ. ಗಾಡಿ ಯಾವ ರೆಜಿಮೆಂಟಿನದು ಎಂಬುದನ್ನೂ ಮೊದಲೇ ತೀರ್ಮಾನಿಸಿ: ಜಮ್ಮುವಿನ ಗಡಿಯ ಛಾಂಬ್‌ನಲ್ಲಿ 72 ಆರ್ಮರ್ಡ್ ರೆಜಿಮೆಂಟ್ ಓಡಿಸಿದ್ದು ಟಿ-55, ಡೆಕ್ಕನ್ ಹಾರ್ಸ್ ಓಡಿಸಿದ್ದು ಟಿ-54. ಎರಡನೆಯದಾದರೆ ಕಿಟ್ಟೇ ಬೇರೆ.

ಬೆಸುಗೆಯ ಗೆರೆ, ಚಕ್ರದ ರಬ್ಬರ್ ಸವೆತ ಹತ್ತಿರದಿಂದ ನೋಡಲು ಮಡಿಕೇರಿಯ ಜನರಲ್ ತಿಮ್ಮಯ್ಯ ಸಂಗ್ರಹಾಲಯದಲ್ಲಿ ನಿಜವಾದ ಟಿ-55 ನಿಂತಿದೆ. ಬಣ್ಣಕ್ಕೆ ಮಾತ್ರ ಅದನ್ನು ನಂಬಬೇಡಿ, ಪ್ರದರ್ಶನದ ಗಾಡಿಗಳಿಗೆ ಹೊಸ ಪೇಂಟ್ ಬಳಿದಿರುತ್ತಾರೆ. ತಮಿಯಾದ ಎಕ್ಸ್‌ಎಫ್-61 ಬಣ್ಣಕ್ಕೆ ಕಾಲು ಭಾಗ ಎಕ್ಸ್‌ಎಫ್-58 ಬೆರೆಸಿದ ಹಸಿರು ಕಣ್ಣಿಗೆ ಒಪ್ಪುತ್ತದೆ; ಎಕ್ಸ್-20ಎ ತಿನ್ನರ್ ಬಣ್ಣದಷ್ಟೇ ಇರಲಿ. ಬೆಂಗಳೂರಿನ ಮಾರ್ಚ್ ಒಣಹವೆಯಲ್ಲಿ ಏರ್‌ಬ್ರಷ್ ಮೂತಿಯಲ್ಲೇ ಬಣ್ಣ ಒಣಗಿ ಕಟ್ಟಿಕೊಳ್ಳುತ್ತದೆ, ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಒಂದೆರಡು ಹನಿ ಹಾಕಿ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ತೇವಕ್ಕೆ ಬಿಳಿಚಿ ಮಂಜು ಕವಿದಂತಾಗುತ್ತದೆ. ಮಳೆ ಬಿಟ್ಟ ದಿನ ನೋಡಿಕೊಂಡು ಹೊಡೆಯಿರಿ, ಇಲ್ಲವೇ ಅಕ್ರಿಲಿಕ್ ಬಳಸಿ.

ಇದೇ ಮೊದಲ ಟ್ಯಾಂಕ್ ಆದರೆ ತಮಿಯಾ ತಗೊಳ್ಳಿ, ಅಂಚಿನ ದಪ್ಪ ಮರೆತುಬಿಡಿ. ನಾಲ್ಕಾರು ಕಟ್ಟಿ ಕೈ ಪಳಗಿದ್ದರೆ 37018 ಬಿಟ್ಟು ಬೇರೆ ಯೋಚಿಸಬೇಡಿ, ಜೊತೆಗೆ ಭಾಗಗಳನ್ನು ಕತ್ತರಿಸಲು ಒಂದು ಒಳ್ಳೆಯ ನಿಪ್ಪರ್‌ಗೂ ದುಡ್ಡು ತೆಗೆದಿಡಿ.